ಒಂದು ಕಾಫಿ, ನಾಲ್ಕು ಗಂಟೆಯ ಕುರ್ಚಿ

ಚೆನ್ನೈನ ಶೋಳಿಂಗನಲ್ಲೂರಿನ ಕೂಡುರಸ್ತೆಯಿಂದ ಯಾವ ಕಡೆ ಹೊರಟರೂ ಎದುರಾಗುವುದು ಕಚೇರಿಗಳೇ. ಉತ್ತರಕ್ಕೆ ಕಾರಪಾಕ್ಕಂ, ತೊರೈಪಾಕ್ಕಂ, ಪೆರುಂಗುಡಿ. ದಕ್ಷಿಣಕ್ಕೆ ಇನ್ಫೋಸಿಸ್ ದಾಟಿ ನಾವಲೂರು, ಸಿರುಸೇರಿ. ಪಶ್ಚಿಮಕ್ಕೆ ಮೇಡವಾಕ್ಕಂ ರಸ್ತೆಯಲ್ಲಿ ತಮಿಳುನಾಡು ಸರ್ಕಾರದ ಎಲ್ಕಾಟ್ ಸಂಸ್ಥೆಯ ವಿಶೇಷ ಆರ್ಥಿಕ ವಲಯ. ಪೂರ್ವಕ್ಕೆ ಮಾತ್ರ ಬಕಿಂಗ್‌ಹ್ಯಾಮ್ ಕಾಲುವೆ, ಅದರಾಚೆ ಕಡಲು. ಕುರ್ಚಿ ಮೇಜುಗಳಿಗೆ ಬರವೇ ಇರಬಾರದ ಊರು ಇದು. ಆದರೂ ವಾರದ ನಡುವಿನ ದಿನ ಹನ್ನೊಂದು ಗಂಟೆಗೆ ಇಲ್ಲಿನ ಯಾವ ಕಾಫಿ ಶಾಪಿಗೆ ಕಾಲಿಟ್ಟರೂ ಗೋಡೆ ಪಕ್ಕದ ಜಾಗಗಳೆಲ್ಲ ಭರ್ತಿ. ಒಬ್ಬ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅಮೆರಿಕದ ಗಿರಾಕಿಗೆ ವರದಿ ಒಪ್ಪಿಸುತ್ತಿರುತ್ತಾನೆ. ಪಕ್ಕದ ಮೇಜಿನಲ್ಲಿ ಎಂಜಿನಿಯರಿಂಗ್ ಹುಡುಗಿಯರು ಪ್ಲೇಸ್‌ಮೆಂಟ್ ಪರೀಕ್ಷೆಗೆ ಓದುತ್ತಿರುತ್ತಾರೆ. ಮೂಲೆಯಲ್ಲಿ ಕಂಪನಿ ಬಿಟ್ಟು ಸ್ವಂತದ್ದೇನೋ ಕಟ್ಟಲು ಹೊರಟ ಇಬ್ಬರು ಕಾಗದದ ಮೇಲೆ ಬಾಣದ ಗುರುತು ಹಾಕುತ್ತಿರುತ್ತಾರೆ. ಮೇಜಿನ ಮೇಲಿನ ಕಾಫಿ ಆರಿ ಎಷ್ಟೋ ಹೊತ್ತಾಗಿರುತ್ತದೆ.

2000ದಲ್ಲಿ ತರಮಣಿಯ ಟೈಡೆಲ್ ಪಾರ್ಕ್ ಬಾಗಿಲು ತೆರೆದಾಗಿನಿಂದ ಎಣಿಸಿದರೆ ಈ ಕೂಡುರಸ್ತೆಯನ್ನು ಹಾದುಹೋಗುವ ಹಳೆ ಮಹಾಬಲಿಪುರಂ ರಸ್ತೆ ಐಟಿ ರಸ್ತೆಯಾಗಿ ಕಾಲು ಶತಮಾನ ಕಳೆದಿದೆ. ಈ ಅವಧಿಯಲ್ಲಿ ಎಷ್ಟು ಕಟ್ಟಡ ಎದ್ದವು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಎಂಬ ಲೆಕ್ಕವನ್ನು ಬೇರೆಯವರು ಬರೆದಿದ್ದಾರೆ. ನಾವು ನೋಡಹೊರಟಿರುವುದು ಚಿಕ್ಕ ಲೆಕ್ಕ: ಈ ಜನ ಎಲ್ಲಿ ಕೂತರು? ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಕೆಲಸ ಮಾಡುವವರಿಗೂ ಓದುವವರಿಗೂ ಒಂದು ಕುರ್ಚಿ, ಒಂದು ಮೇಜು, ಒಂದಿಷ್ಟು ತಂಪು ಒದಗಿಸುವ ಹೊಣೆಯನ್ನು ಮನೆ, ಕಂಪನಿ, ನಗರಪಾಲಿಕೆ ಮೂರೂ ಒಂದರ ಹಿಂದೊಂದು ಜಾರಿಸಿಕೊಂಡವು. ಆ ಹೊಣೆ ಈಗ ಕಾಫಿ ಅಂಗಡಿಯ ಗಲ್ಲಾದ ಮುಂದೆ ಬಂದು ನಿಂತಿದೆ. ಅಂಗಡಿ ಅದನ್ನು ಒಂದು ಕಪ್ಪಿನ ಬೆಲೆಗೆ ಹೊರುತ್ತಿದೆ. ಎಷ್ಟು ದಿನ ಹೊತ್ತೀತು ಎಂಬುದೇ ಪ್ರಶ್ನೆ.

ಉಡುಪಿಯವರು ಹಾಕಿದ ಎರಡು ದಾರಿ

ಚೆನ್ನೈಗೆ ಕಾಫಿ ಅಂಗಡಿಯಲ್ಲಿ ಕೂತು ಕೆಲಸ ಮಾಡುವುದನ್ನು ಕಲಿಸಿದ್ದು ಲ್ಯಾಪ್‌ಟಾಪ್ ಅಲ್ಲ. ಕಡಂದಲೆಯ ಕೆ. ಕೃಷ್ಣರಾಯರು ಮದರಾಸಿಗೆ ಬಂದು, ಚಿಕ್ಕಪುಟ್ಟ ಕೆಲಸಗಳಿಂದ ಮೇಲೆದ್ದು, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ತೆರೆದರು. ಅದೇ ಮನೆತನ 1962ರಲ್ಲಿ ಕೆಥೀಡ್ರಲ್ ರಸ್ತೆಯ ಕೃಷಿ ತೋಟಗಾರಿಕೆ ಸಂಘದ ಜಾಗದಲ್ಲಿ, ಮರಗಳ ನಡುವೆ, ವುಡ್‌ಲ್ಯಾಂಡ್ಸ್ ಡ್ರೈವ್‌-ಇನ್ ನಡೆಸತೊಡಗಿತು. ಕಾರಿನ ಕಿಟಕಿಗೆ ತಟ್ಟೆ ಸಿಕ್ಕಿಸಿ ದೋಸೆ ಕೊಡುತ್ತಿದ್ದದ್ದು ಅದರ ಹೆಸರಿಗೆ ಕಾರಣ. ಆದರೆ ಅದನ್ನು ನೆನೆಯುವವರು ಇಂದಿಗೂ ಹೇಳುವುದು ಬೇರೆಯದನ್ನೇ: ಅಲ್ಲಿ ಯಾರೂ ಎಬ್ಬಿಸುತ್ತಿರಲಿಲ್ಲ. ಔಷಧಿ ಕಂಪನಿಯ ಪ್ರತಿನಿಧಿಗಳು ದಿನದ ರಿಪೋರ್ಟು ಬರೆದದ್ದು ಅಲ್ಲಿ, ವಿಮಾ ಏಜೆಂಟರು ಗಿರಾಕಿಗಳನ್ನು ಕರೆದದ್ದು ಅಲ್ಲಿ, ಸುತ್ತಲಿನ ಕಾಲೇಜಿನವರು ಪರೀಕ್ಷೆಗೆ ಓದಿಕೊಂಡದ್ದೂ ಅಲ್ಲಿ. ಲೋಟ ಡಬರಾ ಖಾಲಿಯಾದ ಮೇಲೂ ಮಾಣಿ ಮುಖ ಸಿಂಡರಿಸುತ್ತಿರಲಿಲ್ಲ. ಜಾಗದ ಒಡೆತನದ ತಕರಾರು ನಡೆದು 2008ರಲ್ಲಿ ಡ್ರೈವ್‌-ಇನ್ ಮುಚ್ಚಿತು. ಅಲ್ಲೀಗ 2010ರಲ್ಲಿ ತೆರೆದ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ.

ಅದೇ ಉಡುಪಿ ಹೋಟೆಲಿನ ಪರಂಪರೆ ಬೆಂಗಳೂರಿನಲ್ಲಿ ತದ್ವಿರುದ್ಧದ ದಾರಿ ಹಿಡಿಯಿತು. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಆರಂಭಿಸಿದ ಕೆಫೆ ದರ್ಶಿನಿ ಕುರ್ಚಿಯನ್ನೇ ತೆಗೆದುಹಾಕಿತು. ನಿಂತು ತಿನ್ನಿ, ನಿಂತು ಕುಡಿಯಿರಿ, ಮುಂದಿನವರಿಗೆ ಜಾಗ ಬಿಡಿ. ಬೆಲೆ ಕಡಿಮೆ, ಚಲಾವಣೆ ಹೆಚ್ಚು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ವಿದ್ಯಾರ್ಥಿಗಳನ್ನು ನೆಚ್ಚಿ ಹುಟ್ಟಿದ ಹೋಟೆಲು. ಅಲ್ಲಿ ಕುರ್ಚಿಗಳಿವೆ; ಆದರೆ ಬೆನ್ನ ಹಿಂದೆ ಸರದಿ ಕಾಯುತ್ತಿರುವವರ ಕಣ್ಣು ತಪ್ಪಿಸಿ ಅಲ್ಲಿ ಪುಸ್ತಕ ಬಿಚ್ಚಿದವರುಂಟೇ?

ಹೋಟೆಲು ನಡೆಸುವವರಿಗೆ ಇಂದಿಗೂ ಇರುವುದು ಈ ಎರಡೇ ದಾರಿ. ಜಾಗಕ್ಕೆ ಬೆಲೆ ಕಟ್ಟಿ ನಿಧಾನವಾಗಿ ಮಾರುವುದು ಒಂದು. ಜಾಗವನ್ನೇ ಕೊಡದೆ ಬೇಗ ಬೇಗ ಮಾರುವುದು ಇನ್ನೊಂದು. ಡ್ರೈವ್‌-ಇನ್‌ಗೆ ಮೊದಲನೆಯದು ಸಾಧ್ಯವಾದದ್ದು ಮಾಲೀಕರ ಸಜ್ಜನಿಕೆಯಿಂದಷ್ಟೇ ಅಲ್ಲ, ನಗರದ ನಡುವೆ ಅಷ್ಟು ಅಗಲದ ಜಾಗ ಒದಗಿದ್ದರಿಂದ. ಶೋಳಿಂಗನಲ್ಲೂರಿನ ಕಾಫಿ ಶಾಪು ಆ ಉದಾರತೆಯನ್ನು ಮುಖ್ಯರಸ್ತೆಯ ಬಾಡಿಗೆ ಕೊಟ್ಟುಕೊಂಡು ನಡೆಸಬೇಕಾಗಿದೆ.

ಇವೆರಡರ ಜೊತೆಗೆ ಮೂರನೆಯದೊಂದು ಮಾದರಿಯೂ ಇತ್ತು. ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಒತ್ತಾಸೆಯಿಂದ ನೌಕರರೇ ಸಹಕಾರ ಸಂಘ ಕಟ್ಟಿಕೊಂಡರು. 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲೇ ಅಂಥ ಮೊದಲ ಸಂಘ ಹುಟ್ಟಿತು. ಮೈಸೂರಿನ ಕಾಫಿ ಹೌಸ್‌ನಲ್ಲಿ ಗೋಪಾಲಕೃಷ್ಣ ಅಡಿಗರ ಸುತ್ತ ಕೂರುತ್ತಿದ್ದ ಹುಡುಗರಲ್ಲಿ ಅನಂತಮೂರ್ತಿಯವರೂ ಇದ್ದರೆಂಬುದು ಕನ್ನಡದ ಓದುಗರಿಗೆ ಗೊತ್ತಿರುವ ಸಂಗತಿ. ಅಲ್ಲಿ ನಡೆಯುತ್ತಿದ್ದದ್ದು ಮಾತು. ಈಗಿನ ಕಾಫಿ ಶಾಪಿನಲ್ಲಿ ಒಂದು ಮೇಜಿನವರು ಇನ್ನೊಂದು ಮೇಜಿನವರ ಜೊತೆ ಮಾತಾಡುವುದು ಪ್ಲಗ್ ಪಾಯಿಂಟು ಖಾಲಿಯಿದೆಯೇ ಎಂದು ಕೇಳಲು. ಇದನ್ನು ದೂರಿನ ದನಿಯಲ್ಲಿ ಹೇಳುತ್ತಿಲ್ಲ. ಆ ಕಾಲದವರಿಗೆ ಓದಲು ಕಾಲೇಜಿನ ಲೈಬ್ರರಿ ಇತ್ತು, ಬರೆಯಲು ಮನೆಯ ಜಗಲಿ ಇತ್ತು. ಕಾಫಿ ಹೌಸಿಗೆ ಮಾತು ಮಾತ್ರ ಉಳಿದಿತ್ತು. ಈಗ ಮೂರೂ ಒಂದೇ ಮೇಜಿನ ಮೇಲೆ ಬಿದ್ದಿವೆ.

ಗಂಟೆಗೆ ಇಂಟರ್ನೆಟ್, ಕಪ್ಪಿಗೆ ಕುರ್ಚಿ

1996ರ ಜುಲೈನಲ್ಲಿ ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ ಅದೊಂದು ಸೈಬರ್ ಕೆಫೆ. ಜನ ಬರುತ್ತಿದ್ದದ್ದು ಇಂಟರ್ನೆಟ್ಟಿಗೆ, ದುಡ್ಡು ಕೊಡುತ್ತಿದ್ದದ್ದು ಗಂಟೆಯ ಲೆಕ್ಕಕ್ಕೆ, ಕಾಫಿ ಅದರ ಜೊತೆಗೆ. ಚೆನ್ನೈಯಲ್ಲಿ ಇದೇ ಹೊತ್ತಿನ ಆಸುಪಾಸು ಕ್ವಿಕೀಸ್ ಎಂಬ ಇಲ್ಲಿನದೇ ಸರಪಳಿ ಹುಟ್ಟಿ, ಕಾಲೇಜು ಹುಡುಗರಿಗೆ ಕಾಪುಚಿನೋ ರುಚಿ ಹತ್ತಿಸಿ, ಮರೆಯಾಯಿತು. ವೈಫೈ ಬಂದ ಮೇಲೆ ವ್ಯಾಪಾರ ತಿರುಗುಮುರುಗಾಯಿತು. ಇಂಟರ್ನೆಟ್ಟು ಪುಕ್ಕಟೆಯಾಯಿತು, ಗಂಟೆಯ ಲೆಕ್ಕ ಹೋಯಿತು, ಕಪ್ಪಿನ ಬೆಲೆ ಮಾತ್ರ ಉಳಿಯಿತು. ಗಂಟೆಯ ಲೆಕ್ಕ ಕೈಬಿಟ್ಟ ಆ ದಿನವೇ ಇಂದಿನ ಎಲ್ಲ ಜಗಳದ ಬೀಜ ಬಿತ್ತಾಗಿತ್ತು.

ಅಷ್ಟರಲ್ಲಿ ರಸ್ತೆಯೂ ಬದಲಾಗಿತ್ತು. ಗದ್ದೆ, ಸರ್ವೆ ತೋಪುಗಳ ನಡುವಿನ ಪಟ್ಟಣ ಪಂಚಾಯಿತಿಯಾಗಿದ್ದ ಶೋಳಿಂಗನಲ್ಲೂರಿಗೆ ಇನ್ಫೋಸಿಸ್ ಬಂತು, ವಿಪ್ರೋ ಬಂತು, ಎಚ್‌ಸಿಎಲ್ ಬಂತು. ಮೊದಲ ಎರಡೂ ಬೆಂಗಳೂರನ್ನು ಮೂಲಮನೆ ಮಾಡಿಕೊಂಡ ಕಂಪನಿಗಳಾದ್ದರಿಂದ ಹುಬ್ಬಳ್ಳಿ, ಹಾಸನ, ಮಂಗಳೂರಿನ ಹುಡುಗ ಹುಡುಗಿಯರು ವರ್ಗವಾಗಿ ಇಲ್ಲಿಗೆ ಬಂದಿಳಿಯುವುದು ಮಾಮೂಲಾಯಿತು. 2008ರಲ್ಲಿ ರಸ್ತೆ ಆರು ಪಥದ್ದಾಯಿತು. 2011ರಲ್ಲಿ ಊರು ಚೆನ್ನೈ ಮಹಾನಗರಪಾಲಿಕೆಗೆ ಸೇರಿ ಅದರ 15ನೇ ವಲಯವಾಯಿತು. ತೆರಿಗೆ ನಗರದ್ದಾಯಿತು. ನಗರಕ್ಕೆ ತಕ್ಕ ಓದುವ ಮನೆ, ಕೂರುವ ಉದ್ಯಾನ, ಸಾರ್ವಜನಿಕ ಸಭಾಂಗಣಗಳು ಅದೇ ವೇಗದಲ್ಲಿ ಬರಲಿಲ್ಲ.

ಸ್ಟಾರ್‌ಬಕ್ಸ್ 2012ರಲ್ಲಿ ಟಾಟಾ ಜೊತೆಗೂಡಿ ಮುಂಬೈಗೆ ಬಂತು, ಕೆಲವೇ ವರ್ಷಗಳಲ್ಲಿ ಚೆನ್ನೈಗೂ ಬಂತು. ಆಮೇಲೆ ಥರ್ಡ್ ವೇವ್, ಬ್ಲೂ ಟೋಕೈ ಮಾದರಿಯ ಹೊಸಬರು. ಹೆಸರು ಯಾವುದೇ ಇರಲಿ, ಕಪ್ಪಿನೊಳಗಿನ ಬೀಜ ಬಹುಪಾಲು ನಮ್ಮ ಕಡೆಯದೇ. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಸೇರಿದ ಕರ್ನಾಟಕದಲ್ಲಿ. ಆದರೆ ಈ ಅಂಗಡಿಗಳಲ್ಲಿ ಗಿರಾಕಿ ಹುಡುಕಿ ಬರುವುದು ಬೀಜವನ್ನಲ್ಲ. ರುಚಿಯಾದ ಫಿಲ್ಟರ್ ಕಾಫಿ ಬೇಕಿದ್ದವನಿಗೆ ಅದೇ ರಸ್ತೆಯ ಕುಂಭಕೋಣಂ ಡಿಗ್ರಿ ಕಾಫಿ ಅಂಗಡಿಯಲ್ಲಿ ಹಿತ್ತಾಳೆಯ ಡಬರಾದಲ್ಲಿ, ಹತ್ತರಲ್ಲಿ ಒಂದು ಪಾಲು ಬೆಲೆಗೆ ಸಿಗುತ್ತದೆ. ಉಳಿದ ಒಂಬತ್ತು ಪಾಲು ಕುರ್ಚಿಗೆ, ಎಸಿಗೆ, ಶೌಚಾಲಯಕ್ಕೆ, ‘ಸಾರ್, ಇನ್ನೇನಾದರೂ ಬೇಕಾ’ ಎಂದು ಪದೇ ಪದೇ ಕೇಳದಿರುವ ಸೌಜನ್ಯಕ್ಕೆ.

ಮನೆಯಿಂದ ಹೊರದಬ್ಬಿದ್ದು

ಇಷ್ಟು ದುಡ್ಡು ತೆತ್ತು ಹೊರಗೆ ಕೂರುವವರಿಗೆ ಶೋಕಿ ಎಂದು ಹಿರಿಯರು ಗೊಣಗುವುದುಂಟು. ಅವರು ಒಂದು ಪಿಜಿ ಕೋಣೆಯನ್ನು ನೋಡಿ ಬರಬೇಕು. ಕಾರಪಾಕ್ಕಂನಿಂದ ಸೆಮ್ಮಂಚೇರಿವರೆಗೆ ಇಬ್ಬರು, ಮೂವರು, ನಾಲ್ವರು ಹಂಚಿಕೊಳ್ಳುವ ಕೋಣೆಗಳು. ಒಂದು ಮಂಚ, ಒಂದು ಕಬ್ಬಿಣದ ಬೀರು, ಕಿಟಕಿಯಾಚೆ ಇನ್ನೊಂದು ಪಿಜಿಯ ಗೋಡೆ. ಮೇಜು ಇಲ್ಲ. ಒಬ್ಬ ರಾತ್ರಿ ಪಾಳಿ ಮುಗಿಸಿ ಮಲಗಿದ್ದಾಗ ಇನ್ನೊಬ್ಬ ಲೈಟು ಹಾಕುವಂತಿಲ್ಲ, ಫೋನಿನಲ್ಲಿ ಮಾತಾಡುವಂತಿಲ್ಲ. ಸತ್ಯಭಾಮಾ ವಿಶ್ವವಿದ್ಯಾಲಯದ ಸುತ್ತ ಕೋಣೆ ಹಿಡಿದ ವಿದ್ಯಾರ್ಥಿಗಳ ಪಾಡೂ ಅಷ್ಟೇ.

ಇದರ ಮೇಲೆ ಊರಿನ ಕಷ್ಟಗಳು ಒಂದೊಂದಾಗಿ ಬಂದವು. 2012ರ ಹೊತ್ತಿಗೆ ಚೆನ್ನೈ ನಗರದಲ್ಲೇ ದಿನಕ್ಕೆ ಎರಡು ಗಂಟೆ ಕರೆಂಟ್ ಕಡಿತವಿತ್ತು. ಜನರೇಟರ್ ಇದ್ದ ಅಂಗಡಿಯೇ ಆಸರೆ. 2015ರ ಡಿಸೆಂಬರ್ ನೆರೆಯಲ್ಲಿ ಈ ರಸ್ತೆಯ ಕಂಪನಿಗಳು ಬಾಗಿಲು ಹಾಕಿದವು, ಕೆಲವು ತಮ್ಮ ನೌಕರರನ್ನು ಬೆಂಗಳೂರಿಗೆ ಕಳಿಸಿ ಕೆಲಸ ಮುಂದುವರಿಸಿದವು. 2019ರ ಬೇಸಿಗೆಯಲ್ಲಿ ಕೆರೆಗಳು ಒಣಗಿ, ಕೊನೆಗೆ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಿಸಬೇಕಾಯಿತು. ಟ್ಯಾಂಕರ್ ನೀರನ್ನೇ ನಂಬಿದ್ದ ಇಲ್ಲಿನ ಹಲವು ಕಂಪನಿಗಳು ಆ ಜೂನ್‌ನಲ್ಲಿ ‘ಮನೆಯಿಂದಲೇ ಕೆಲಸ ಮಾಡಿ’ ಎಂದು ನೌಕರರಿಗೆ ಹೇಳಿದವು. ಮನೆಯಲ್ಲಿ ಮಾತ್ರ ನೀರಿತ್ತೇ? ಮನೆಯಿಂದ ಕೆಲಸ ಎಂಬುದು ಜಗತ್ತಿಗೆ ಕೊರೊನಾದ ಜೊತೆ ಬಂತು; ಶೋಳಿಂಗನಲ್ಲೂರಿಗೆ ಅದಕ್ಕೆ ಒಂಬತ್ತು ತಿಂಗಳು ಮುಂಚೆ, ನೀರಿಲ್ಲದ ನಲ್ಲಿಯ ಜೊತೆ ಬಂದಿತ್ತು.

2020ರ ಮಾರ್ಚ್ ಲಾಕ್‌ಡೌನ್ ಕಾಫಿ ಶಾಪುಗಳನ್ನು ಮುಚ್ಚಿಸಿತು. ಆದರೆ ತೆರೆದ ಮೇಲೆ ಅವುಗಳಿಗೆ ಹೊಸ ಗಿರಾಕಿಯನ್ನು ಕೊಟ್ಟದ್ದೂ ಅದೇ. ಅರ್ಧ ವಾರ ಆಫೀಸು, ಅರ್ಧ ವಾರ ಎಲ್ಲಾದರೂ ಎಂಬ ಹೊಸ ಜಾತಿ ಹುಟ್ಟಿತು. 2023ರ ನವೆಂಬರ್‌ನಿಂದ ವಿಪ್ರೋ ವಾರಕ್ಕೆ ಮೂರು ದಿನ ಬನ್ನಿ ಎಂದಿತು. ಇನ್ಫೋಸಿಸ್ 2025ರ ಮಾರ್ಚ್‌ನಿಂದ ತಿಂಗಳಿಗೆ ಹತ್ತು ದಿನದ ಹಾಜರಿಯನ್ನು ಬಿಗಿಗೊಳಿಸಿತು. ಹಾಗಾದರೆ ಮಿಕ್ಕ ದಿನ? ಕಂಪನಿಯ ಕಡತದಲ್ಲಿ ಅವು ‘ಮನೆ’ಯ ದಿನಗಳು. ಅವುಗಳಲ್ಲಿ ಎಷ್ಟೋ ದಿನ ಕಳೆಯುವುದು ಕಾಫಿ ಶಾಪಿನ ಮೇಜಿನಲ್ಲಿ. ಆ ದಿನ ಕಂಪನಿಗೆ ಕರೆಂಟು ಉಳಿಯಿತು, ಜಾಗ ಉಳಿಯಿತು, ಕ್ಯಾಂಟೀನು ಉಳಿಯಿತು. ನೌಕರನಿಗೆ ಇನ್ನೂರೈವತ್ತು ರೂಪಾಯಿ ಖರ್ಚಾಯಿತು. ಈ ವರ್ಗಾವಣೆಯನ್ನು ಯಾವ ವಾರ್ಷಿಕ ವರದಿಯೂ ನಮೂದಿಸುವುದಿಲ್ಲ.

ಜಮೆಯ ಕಡೆ

ಕಾಲು ಶತಮಾನದ ಲಾಭವನ್ನು ನಿಷ್ಪಕ್ಷಪಾತವಾಗಿ ಬರೆಯೋಣ. ಮೊದಲ ಸಾಲು ಹೆಣ್ಣುಮಕ್ಕಳದು. ಈ ರಸ್ತೆಯ ಟೀ ಕಡೈಗಳು ಗಂಡಸರ ಜಾಗ. ಅಲ್ಲಿ ಒಬ್ಬಳೇ ನಿಂತು ಟೀ ಕುಡಿಯುವ ಹುಡುಗಿಯ ಮೇಲೆ ಹತ್ತು ಕಣ್ಣು. ಪಿಜಿಯ ‘ಆಂಟಿ’ ರಾತ್ರಿ ಒಂಬತ್ತೂವರೆಗೆ ಬಾಗಿಲು ಹಾಕುತ್ತಾರೆ. ಕಡಲ ದಂಡೆ, ಪಾರ್ಕುಗಳಲ್ಲಿ ಪೊಲೀಸರಿಂದ ಹಿಡಿದು ದಾರಿಹೋಕರವರೆಗೆ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಒಬ್ಬ ಹೆಂಗಸು ಮೂರು ಗಂಟೆ ಒಂದೇ ಕಡೆ, ಯಾರ ಪ್ರಶ್ನೆಗೂ ಒಳಗಾಗದೆ ಕೂತಿರಲು ಈ ಊರಿನಲ್ಲಿ ದೊರೆತ ಮೊದಲ ಜಾಗಗಳಲ್ಲಿ ಕಾಫಿ ಶಾಪು ಒಂದು. ಇದು ಸಣ್ಣ ಸಾಧನೆಯೇನಲ್ಲ.

ಎರಡನೆಯ ಸಾಲು ಸಣ್ಣ ಬಂಡವಾಳದವರದು. ಆಫೀಸಿಗೆ ಮುಂಗಡ ಕೊಡುವ ಶಕ್ತಿಯಿಲ್ಲದವರಿಗೆ ಗಿರಾಕಿಯನ್ನು ಕರೆದು ಮರ್ಯಾದೆಯಿಂದ ಮಾತಾಡಲು ಒಂದು ಮೇಜು ಸಿಕ್ಕಿತು. ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿಯಲ್ಲಿ ಹಡಗಿನ ವ್ಯಾಪಾರಿಗಳು ಕೂತು ಕೂತೇ ಲಾಯ್ಡ್ಸ್ ವಿಮಾ ಮಾರುಕಟ್ಟೆ ಬೆಳೆಯಿತು. ಶೋಳಿಂಗನಲ್ಲೂರಿನ ಮೂಲೆಯ ಮೇಜಿನಿಂದ ಅಂಥದ್ದು ಏಳುತ್ತದೆಂಬ ಭರವಸೆ ಯಾರೂ ಕೊಡಲಾರರು. ಆದರೆ ಕೂರಲು ಜಾಗವಿಲ್ಲದೆ ಯಾವುದೂ ಏಳುವುದಿಲ್ಲ.

ಮೂರನೆಯದು ಏಕಾಗ್ರತೆ. ಗದ್ದಲದಲ್ಲಿ ಓದು ಹೇಗೆ ಹತ್ತುತ್ತದೆ ಎಂದು ಕೇಳುವವರಿದ್ದಾರೆ. ರವಿ ಮೆಹ್ತಾ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಸುಮಾರು 70 ಡೆಸಿಬೆಲ್‌ನ ಹಿನ್ನೆಲೆ ಸದ್ದಿನಲ್ಲಿ ಜನರಿಗೆ ಹೊಸ ಆಲೋಚನೆಗಳು 50 ಡೆಸಿಬೆಲ್‌ನ ಮೆಲುಸದ್ದಿಗಿಂತ ಚೆನ್ನಾಗಿ ಹೊಳೆದವು. ಸದ್ದು 85ಕ್ಕೆ ಏರಿದಾಗ ಮಾತ್ರ ಕೆಲಸ ಕೆಟ್ಟಿತು. ಹದವಾದ ಗುಜುಗುಜು ಮನಸ್ಸನ್ನು ತುಸು ಅಲೆಯಲು ಬಿಡುತ್ತದೆ, ಆ ಅಲೆದಾಟದಲ್ಲೇ ಹೊಸದು ಸಿಗುತ್ತದೆ ಎಂಬುದು ಅವರ ವಿವರಣೆ. ಹೊಸ ಐಡಿಯಾಕ್ಕೆ ಸಲ್ಲುವ ಮಾತು ಬಾಯಿಪಾಠಕ್ಕೂ ಸಲ್ಲುತ್ತದೆಂದು ಪರೀಕ್ಷೆಗೆ ಕೂರುವವರು ತಿಳಿಯಬೇಕಿಲ್ಲ. ಅವರಿಗೆ ಕಾಫಿ ಶಾಪು ಕೊಡುವುದು ಇನ್ನೊಂದನ್ನು: ಸುತ್ತಲೂ ಓದುತ್ತಿರುವವರ ನಡುವೆ ತಾನೊಬ್ಬ ಫೋನು ಹಿಡಿದು ಕೂರಲು ಆಗುವ ನಾಚಿಕೆ.

ಖರ್ಚಿನ ಕಡೆ

ಈಗ ಗಲ್ಲಾದ ಹಿಂದಿನಿಂದ ನೋಡಿ. ಇನ್ನೂರೈವತ್ತು ರೂಪಾಯಿಯ ಕಾಪುಚಿನೋ ಕೊಂಡು ನಾಲ್ಕು ಗಂಟೆ ಕೂತವನಿಂದ ಆ ಕುರ್ಚಿಗೆ ಬಂದದ್ದು ಗಂಟೆಗೆ ಅರವತ್ತೆರಡೂವರೆ ರೂಪಾಯಿ. ಅದರಲ್ಲಿ ಹಾಲು, ಪುಡಿ, ಸಂಬಳ, ಬಾಡಿಗೆ, ಎಸಿಯ ಕರೆಂಟು, ಅವನ ಲ್ಯಾಪ್‌ಟಾಪ್ ನುಂಗಿದ ಕರೆಂಟು ಎಲ್ಲವೂ ಆಗಬೇಕು. ನಾಲ್ಕು ಕುರ್ಚಿಯ ಮೇಜಿನಲ್ಲಿ ಅವನೊಬ್ಬನೇ ಕೂತಿದ್ದರೆ ಉಳಿದ ಮೂರು ಕುರ್ಚಿಯ ಗಳಿಕೆ ಸೊನ್ನೆ. ಸಂಜೆ ಐದಕ್ಕೆ ಕುಟುಂಬದೊಡನೆ ಬಂದವರು ಜಾಗವಿಲ್ಲದೆ ಹಿಂದಿರುಗುತ್ತಾರೆ. ಬೆಳಗಿನ ಖಾಲಿ ಹೊತ್ತಿನಲ್ಲಿ ಇದೇ ಗಿರಾಕಿ ಅಂಗಡಿಗೆ ಕಳೆ ಕಟ್ಟುತ್ತಾನೆ ಎಂಬುದೂ ನಿಜ. ಖಾಲಿ ಅಂಗಡಿಗೆ ಯಾರೂ ಬರುವುದಿಲ್ಲ. ಆದ್ದರಿಂದಲೇ ಮಾಲೀಕರಿಗೆ ಇವರು ಬೇಕು, ಸಂಜೆಯಾದೊಡನೆ ಬೇಡ.

ಈ ವ್ಯಾಪಾರ ಎಷ್ಟು ನಾಜೂಕಿನದೆಂದು ಕನ್ನಡಿಗರಿಗೆ ಹೇಳಬೇಕಿಲ್ಲ. 2019ರ ಜುಲೈನಲ್ಲಿ ಸಿದ್ಧಾರ್ಥ ಅವರ ಬದುಕು ನೇತ್ರಾವತಿಯಲ್ಲಿ ಕೊನೆಗೊಂಡಿತು. ಆಗ 1,700 ದಾಟಿದ್ದ ಕೆಫೆ ಕಾಫಿ ಡೇ ಮಳಿಗೆಗಳು ಐದು ವರ್ಷಗಳಲ್ಲಿ 500ಕ್ಕಿಂತ ಕೆಳಗಿಳಿದವು. ಅದಕ್ಕೆ ಕಾರಣ ಕಂಪನಿ ಸಮೂಹದ ಸಾಲ, ಆಮೇಲೆ ಕೊರೊನಾ. ಹೆಚ್ಚು ಹೊತ್ತು ಕೂತ ಗಿರಾಕಿಯಲ್ಲ. ಆದರೂ ನಮ್ಮ ಪೀಳಿಗೆಗೆ ಕೂರಲು ಕಲಿಸಿದ ಅಂಗಡಿಯೇ ಅಷ್ಟು ಬೇಗ ಕುಗ್ಗಬಹುದಾದರೆ, ಊರಿನ ಓದನ್ನೂ ಕೆಲಸವನ್ನೂ ಇಂಥ ಮಳಿಗೆಗಳ ನೆಚ್ಚಿನ ಮೇಲೆ ಬಿಡುವುದು ಜಾಣತನವಲ್ಲ.

ಹೊರಜಗತ್ತಿನಲ್ಲೂ ತಾಳ್ಮೆ ಕಡಿಮೆಯಾಗುತ್ತಿದೆ. ದಕ್ಷಿಣ ಕೊರಿಯಾದಲ್ಲಿ ಓದುವವರೂ ಕೆಲಸದವರೂ ಕಂಪ್ಯೂಟರು, ಪ್ರಿಂಟರನ್ನೇ ಹೊತ್ತು ತರತೊಡಗಿದ್ದರಿಂದ 2025ರ ಆಗಸ್ಟಿನಲ್ಲಿ ಅಲ್ಲಿನ ಸ್ಟಾರ್‌ಬಕ್ಸ್ ಅಂಥ ಸಾಮಾನುಗಳನ್ನು ತರಬೇಡಿರೆಂದು ಫಲಕ ಹಾಕಿತು. ಅಮೆರಿಕದಲ್ಲಿ 2018ರಲ್ಲಿ, ಏನೂ ಕೊಳ್ಳದೆ ಗೆಳೆಯನಿಗಾಗಿ ಕಾಯುತ್ತಿದ್ದ ಇಬ್ಬರು ಕಪ್ಪು ವರ್ಣೀಯರನ್ನು ಪೊಲೀಸರು ಬಂಧಿಸಿದ ಮೇಲೆ ಅದೇ ಕಂಪನಿ ಯಾರು ಬೇಕಾದರೂ ಬಂದು ಕೂರಬಹುದು ಎಂದಿತ್ತು. 2025ರ ಜನವರಿಯಲ್ಲಿ ಆ ಬಾಗಿಲನ್ನು ಮತ್ತೆ ಅರ್ಧ ಮುಚ್ಚಿತು, ಕೊಂಡವರಿಗಷ್ಟೇ ಜಾಗ. ಮಾಸ್ಕೋದಲ್ಲಿ 2011ರಲ್ಲಿ ಶುರುವಾದ ಜಿಫರ್‌ಬ್ಲಾಟ್ ಸೋಗು ಬಿಟ್ಟು ನೇರ ಲೆಕ್ಕಕ್ಕಿಳಿಯಿತು: ಕಾಫಿ ಪುಕ್ಕಟೆ, ನಿಮಿಷಕ್ಕೆ ಬಾಡಿಗೆ. ನಮ್ಮಲ್ಲಿ ಯಾರೂ ಫಲಕ ಹಾಕುವುದಿಲ್ಲ. ವೈಫೈ ನಿಧಾನವಾಗುತ್ತದೆ, ಪ್ಲಗ್ ಪಾಯಿಂಟಿನ ಮೇಲೆ ಟೇಪು ಬೀಳುತ್ತದೆ, ಮೆತ್ತನೆ ಸೋಫಾದ ಜಾಗದಲ್ಲಿ ಬೆನ್ನಿಲ್ಲದ ಸ್ಟೂಲು ಬರುತ್ತದೆ. ಬಾಯಿಬಿಟ್ಟು ಹೇಳುವುದಕ್ಕಿಂತ ಇದು ಸಭ್ಯತೆ ಎಂದು ಅವರು ತಿಳಿದಂತಿದೆ.

ಕೂರಲಾಗದವರು

ಯಾರು ಕೂತರು ಎಂದು ಬರೆದ ಮೇಲೆ ಯಾರು ನಿಂತರು ಎಂದೂ ಬರೆಯಬೇಕು. ಅಂಗಡಿಯ ಒಳಗೆ ನಿಂತವರು ಅಲ್ಲಿನ ಹುಡುಗ ಹುಡುಗಿಯರು. ತಮಿಳುನಾಡು 2021ರಲ್ಲಿ ಅಂಗಡಿ ಮುಂಗಟ್ಟುಗಳ ಕಾನೂನಿಗೆ ತಿದ್ದುಪಡಿ ತಂದು, ಕೆಲಸಗಾರರೆಲ್ಲರಿಗೂ ಕೂರುವ ವ್ಯವಸ್ಥೆ ಇರಲೇಬೇಕೆಂದು ವಿಧಿಸಿತು. ಕೇರಳ 2018ರಲ್ಲೇ ಈ ದಾರಿ ಹಿಡಿದಿತ್ತು. ದಿನವಿಡೀ ಇತರರ ಕುರ್ಚಿ ಒರೆಸುವವರಿಗೆ ತಮ್ಮದೊಂದು ಕುರ್ಚಿ ಇದೆಯೇ ಎಂದು ಗಿರಾಕಿಗಳು ಒಮ್ಮೆಯಾದರೂ ಕಣ್ಣಾಡಿಸಿದರೆ ಕಾನೂನಿಗೆ ಬಲ ಬರುತ್ತದೆ.

ಬಾಗಿಲ ಹೊರಗೆ ನಿಂತವರು ಡೆಲಿವರಿ ಹುಡುಗರು. ಪಾರ್ಸೆಲ್ ಸಿದ್ಧವಾಗುವವರೆಗೆ ಬಿಸಿಲಲ್ಲಿ, ಮೆಟ್ರೋ ಕಾಮಗಾರಿಯ ಧೂಳಿನಲ್ಲಿ, ಬೈಕಿನ ಮೇಲೆಯೇ ಕಾಯಬೇಕು. ಚೆನ್ನೈ ಪಾಲಿಕೆ 2025ರ ಜೂನ್‌ನಲ್ಲಿ ಅಣ್ಣಾ ನಗರದಲ್ಲಿ ಇವರಿಗೆಂದೇ ಎಸಿ ವಿಶ್ರಾಂತಿ ಕೋಣೆ ತೆರೆಯಿತು. ಒಳ್ಳೆಯ ಕೆಲಸ. ಆದರೆ ಅಣ್ಣಾ ನಗರ ನಗರದ ಇನ್ನೊಂದು ತುದಿ. ಊಟದ ಹೊತ್ತಿನಲ್ಲಿ ಈ ಹುಡುಗರು ದಂಡುಗಟ್ಟುವ ಐಟಿ ರಸ್ತೆಗೂ ಅಂಥದ್ದು ಬೇಕು.

ಬಾಗಿಲ ಹತ್ತಿರಕ್ಕೂ ಬಾರದವರು ಮೂರನೆಯವರು. ಶೋಳಿಂಗನಲ್ಲೂರಿನಿಂದ ಮೇಡವಾಕ್ಕಂ ಕಡೆ ಸ್ವಲ್ಪ ದೂರ ಹೋದರೆ ಪೆರುಂಬಾಕ್ಕಂನ ಪುನರ್ವಸತಿ ಕಟ್ಟಡಗಳು. ಕೂವಂ, ಅಡ್ಯಾರ್ ನದಿ ದಂಡೆಗಳಿಂದ, ನಗರದ ನಡುಭಾಗದ ಗುಡಿಸಲುಗಳಿಂದ ಎಬ್ಬಿಸಿದ ಕುಟುಂಬಗಳನ್ನು ಸರ್ಕಾರ ಇಲ್ಲಿಗೂ, ಸೆಮ್ಮಂಚೇರಿಗೂ, ಕಣ್ಣಗಿ ನಗರಕ್ಕೂ ತಂದಿಳಿಸಿತು. ಇಕ್ಕಟ್ಟಾದ ಮನೆ, ಟಿವಿ, ಅಕ್ಕಪಕ್ಕದ ಸದ್ದು. ಅಲ್ಲಿನ ಹತ್ತನೇ ತರಗತಿಯ ಹುಡುಗಿಗೆ ಒಂದು ಕಪ್ ಕಾಫಿ ಎಂದರೆ ಅಮ್ಮನ ಅರ್ಧ ದಿನದ ಮನೆಗೆಲಸದ ಕೂಲಿ. ಓದಲು ಜಾಗ ಎಲ್ಲರಿಗಿಂತ ಹೆಚ್ಚು ಬೇಕಾದವಳು ಅವಳು. ಕಾಫಿ ಶಾಪಿನ ಇಪ್ಪತ್ತೈದು ವರ್ಷಗಳ ಲೆಕ್ಕದಲ್ಲಿ ಅವಳ ಹೆಸರಿನ ಪುಟ ಖಾಲಿ. ಅದಕ್ಕೆ ಅಂಗಡಿಯವರನ್ನು ದೂರುವಂತಿಲ್ಲ. ಅವರು ವ್ಯಾಪಾರಕ್ಕೆ ಕೂತವರು.

ಮುಂದಿನ ಲೆಕ್ಕ

ದಾರಿ ಇಲ್ಲವೆಂದಲ್ಲ. 2024ರ ನವೆಂಬರ್‌ನಲ್ಲಿ ಉತ್ತರ ಚೆನ್ನೈನ ಕೊಳತ್ತೂರಿನಲ್ಲಿ ‘ಮುದಲ್ವರ್ ಪಡೈಪ್ಪಗಂ’ ತೆರೆಯಿತು. ಒಂದೇ ಕಟ್ಟಡದಲ್ಲಿ ಪರೀಕ್ಷೆಗೆ ಓದುವವರಿಗೆ ಜಾಗ, ಲ್ಯಾಪ್‌ಟಾಪ್ ಕೆಲಸದವರಿಗೆ ಜಾಗ. ಓದುವವರಿಗೆ ಅರ್ಧ ದಿನಕ್ಕೆ 5 ರೂಪಾಯಿ, ಕೆಲಸದವರಿಗೆ 50. ಕಾಫಿ ಶಾಪು ಮುಚ್ಚಿಟ್ಟುಕೊಂಡ ಬಾಡಿಗೆಯನ್ನು ಪಾಲಿಕೆ ಬಿಚ್ಚಿ ಹೇಳಿದೆ, ಅದೂ ಬಡವರ ಕೈಗೆಟುಕುವ ಮಟ್ಟಕ್ಕೆ ಇಳಿಸಿ. ಕೋಟ್ಟೂರ್‌ಪುರದ ಅಣ್ಣಾ ಶತಮಾನೋತ್ಸವ ಗ್ರಂಥಾಲಯ 2010ರಿಂದ ಸ್ವಂತ ಪುಸ್ತಕ ತಂದು ಓದುವವರಿಗೂ ಜಾಗ ಕೊಟ್ಟಿದೆ. ಅಲ್ಲಿಂದ ಎಷ್ಟು ಮಂದಿ ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾದರೆಂಬುದನ್ನು ಆ ಗ್ರಂಥಾಲಯದ ಕುರ್ಚಿಗಳೇ ಬಲ್ಲವು. ಆದರೆ ಶೋಳಿಂಗನಲ್ಲೂರಿನಿಂದ ಅದು ಹದಿನೈದು ಕಿಲೋಮೀಟರ್‌ನಷ್ಟು ದೂರ, ಸಂಜೆಯ ಟ್ರಾಫಿಕ್ಕಿನಲ್ಲಿ ಒಂದು ಸಿನಿಮಾದಷ್ಟು ಹೊತ್ತಿನ ಪಯಣ.

ಮೆಟ್ರೋದ ಎರಡನೆಯ ಹಂತಕ್ಕೆ 63,246 ಕೋಟಿ ರೂಪಾಯಿಯ ಅಂದಾಜು ಇಟ್ಟು 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. ಅದರ ಎರಡು ಮಾರ್ಗಗಳು, ಮಾಧವರಂನಿಂದ ಸಿರುಸೇರಿಯ ಸಿಪ್ಕಾಟ್‌ಗೆ ಹೋಗುವುದೊಂದು, ಮಾಧವರಂನಿಂದಲೇ ಬಂದು ಇಲ್ಲಿ ಕೊನೆಯಾಗುವುದೊಂದು, ಶೋಳಿಂಗನಲ್ಲೂರಿನಲ್ಲಿ ಕೂಡುತ್ತವೆ. ಇಲ್ಲಿ ದೊಡ್ಡ ನಿಲ್ದಾಣ ಬರುತ್ತದೆ, ಅದರ ಸುತ್ತ ಮಳಿಗೆಗಳು ಬರುತ್ತವೆ, ಆ ಮಳಿಗೆಗಳಲ್ಲಿ ಇನ್ನಷ್ಟು ಕಾಫಿ ಶಾಪುಗಳು ಬರುತ್ತವೆ. ನಿಲ್ದಾಣದ ಒಂದು ಅಂತಸ್ತಿನ ಒಂದು ಪಾಲನ್ನು ಕೊಳತ್ತೂರಿನ ದರದಲ್ಲಿ ಓದಲು, ಕೆಲಸ ಮಾಡಲು ಬಿಟ್ಟುಕೊಡಿ ಎಂಬುದು ನಮ್ಮ ಮೊದಲ ಬೇಡಿಕೆ. ನಕ್ಷೆ ಬದಲಿಸುವ ಕಾಲ ಮೀರುವ ಮುನ್ನ ವಲಯ ಕಚೇರಿಯೂ ಶಾಸಕರೂ ಇದನ್ನು ಕೇಳಬೇಕು.

ಎರಡನೆಯ ಬೇಡಿಕೆ ಕಂಪನಿಗಳಿಗೆ. ನೌಕರರನ್ನು ಅರ್ಧ ತಿಂಗಳು ಹೊರಗಿಟ್ಟು ಉಳಿಸಿದ ಜಾಗ ಅವರ ಆವರಣದಲ್ಲೇ ಇದೆ. ಪಿಜಿಯಲ್ಲಿ ಮೇಜಿಲ್ಲದ ನೌಕರನಿಗೆ ಹಾಜರಿಯ ಲೆಕ್ಕಕ್ಕೆ ಸೇರದ ದಿನವೂ ಬಂದು ಕೂರಲು ಬಿಡಲಿ. ಇಲ್ಲವೇ ಹೊರಗೆ ಕೂತ ಖರ್ಚನ್ನು ಭರಿಸಲಿ. ಕಂಪನಿಯ ಗುಟ್ಟಿನ ಕಡತಗಳು ಪಕ್ಕದ ಮೇಜಿನವನ ಕಣ್ಣಿಗೆ ಬೀಳುವ ಅಪಾಯವನ್ನು ನೆನೆದರೆ ಈ ಎರಡರಲ್ಲಿ ಯಾವುದೂ ದುಬಾರಿಯಲ್ಲ.

ಮೂರನೆಯದು ಅಂಗಡಿಯವರಿಗೆ. ಪ್ಲಗ್ಗಿಗೆ ಟೇಪು ಹಚ್ಚುವ ಬದಲು ಬೆಲೆ ಹೇಳಿ. ಬೆಳಗಿನಿಂದ ಮಧ್ಯಾಹ್ನ ನಾಲ್ಕರವರೆಗೆ ಇಷ್ಟು ಕೊಟ್ಟರೆ ಒಂದು ಕುರ್ಚಿ, ಎರಡು ಕಾಫಿ. ಸಂಜೆ ಮೇಜು ಬಿಡಬೇಕು. ಮುಖಕ್ಕೆ ಹೇಳಿದ ನಿಯಮವನ್ನು ಈ ಊರಿನ ಜನ ಒಪ್ಪುತ್ತಾರೆ. ಮುಖ ಗಂಟಿಕ್ಕಿ ಹೇಳಿದ್ದನ್ನು ಒಪ್ಪುವುದಿಲ್ಲ.

ಕೊನೆಯದು ಕೂರುವ ನಮಗೆ. ಎರಡು ಗಂಟೆಗೊಂದು ಕಾಫಿಯೋ ಬನ್ನೋ ಕೊಳ್ಳಿ. ಒಬ್ಬರೇ ಇದ್ದರೆ ಒಬ್ಬರ ಮೇಜಿಗೇ ಹೋಗಿ. ಮೀಟಿಂಗಿನಲ್ಲಿ ದನಿ ಏರಿಸಬೇಡಿ. ಬಡಿಸಿದ ಹುಡುಗನ ಹೆಸರು ಕೇಳಿ. ಇವೆಲ್ಲ ಮರ್ಯಾದೆಯ ಮಾತುಗಳು. ಮರ್ಯಾದೆಯಿಂದ ಒಂದು ಅಂಗಡಿ ಉಳಿದೀತು, ಒಂದು ಊರಿಗೆ ಓದುವ ಮನೆ ಹುಟ್ಟಲಾರದು. ಆದ್ದರಿಂದ ಮುಂದಿನ ಪಾಲಿಕೆ ಚುನಾವಣೆಯಲ್ಲಿ ಮನೆ ಬಾಗಿಲಿಗೆ ಬಂದವರನ್ನು ರಸ್ತೆ, ಚರಂಡಿ, ನೀರಿನ ಜೊತೆ ಇನ್ನೊಂದನ್ನೂ ಕೇಳೋಣ: ನಮ್ಮ ವಾರ್ಡಿನಲ್ಲಿ ಏನೂ ಕೊಳ್ಳದೆ ಕೂರಬಹುದಾದ ಕುರ್ಚಿ ಎಷ್ಟಿವೆ? ಉತ್ತರವನ್ನು ಸಂಖ್ಯೆಯಲ್ಲೇ ಕೇಳೋಣ, ಐದು ವರ್ಷ ಬಿಟ್ಟು ಮತ್ತೆ ಎಣಿಸೋಣ.